ಹೂಕುಂಡದಲ್ಲಿ ಹಳದಿ ನಾಯಿಕೊಡೆ

ಕೆಲವು ವರ್ಷಗಳ ಹಿಂದಿನ ಮಾತು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಬೆಳಗ್ಗೆ ಎದ್ದು, ಪಡಸಾಲೆಯ ಕಿಟಕಿಯ ಬಳಿ ಇರಿಸಿದ್ದ ಜರೀಗಿಡಕ್ಕೆ ನೀರು ಹಾಕಲು ಹೋದೆ. ಹಿಂದಿನ ರಾತ್ರಿ ಬರಿಯ ಕಪ್ಪು ಮಣ್ಣು ಕಾಣುತ್ತಿದ್ದ ಕುಂಡದಲ್ಲಿ ಆರು ಪುಟ್ಟ ಕೊಡೆಗಳು ಎದ್ದು ನಿಂತಿದ್ದುವು. ಬುಡದಿಂದ ತುದಿಯವರೆಗೆ ಒಂದೇ ಬಣ್ಣ. ಮಾಗಿದ ನಿಂಬೆಯ ಹಳದಿ. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ನಾಯಿಕೊಡೆಯೇನೂ ಹೊಸದಲ್ಲ. ಆದರೆ ಅದು ಗೊಬ್ಬರದ ಗುಂಡಿಯಲ್ಲಿಯೋ ಹುತ್ತದ ಪಕ್ಕದಲ್ಲಿಯೋ ಲಡ್ಡಾದ ಮರದ ಬೊಡ್ಡೆಯ ಮೇಲೆಯೋ ಇರತಕ್ಕ ವಸ್ತು. ಸೂರಿನ ಕೆಳಗೆ, ನಾನು ದಿನವೂ ಕುಳಿತು ಓದುವ ಕುರ್ಚಿಗೆ ಎರಡು ಮೊಳ ದೂರದಲ್ಲಿ ಅದಕ್ಕೇನು ಕೆಲಸ?

ಆ ಜರೀಗಿಡ ನನ್ನದಲ್ಲ. ಅಕ್ಕ ಗಂಡನ ಮನೆಗೆ ಹೊರಡುವ ಮುನ್ನ ತಾನೇ ನೆಟ್ಟು, ‘ಒಣಗಿಸಬೇಡವೋ’ ಎಂದು ನನ್ನ ವಶಕ್ಕೆ ಕೊಟ್ಟುಹೋಗಿದ್ದಳು. ಅದರ ಕೆಳಗಿನ ಎರಡು ಮೂರು ಗರಿಗಳು ಆಗಲೇ ಬಣ್ಣಗೆಟ್ಟಿದ್ದುವು. ಬಾಡುವ ಗಿಡ, ಬುಡದಲ್ಲಿ ನಾಯಿಕೊಡೆ. ಎರಡನ್ನೂ ಕೂಡಿಸಿ ನಾನು ತೀರ್ಪು ಕೊಟ್ಟೆ: ಇದು ಅದನ್ನು ತಿನ್ನುತ್ತಿದೆ. ಊರಿನಲ್ಲಿ ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮೈಲುತುತ್ತದ ಔಷಧಿ ಹೊಡೆಯುವುದನ್ನು ಎಳವೆಯಿಂದ ಕಂಡವನು ನಾನು. ಒಂದು ಹಿಡಿ ಮೈಲುತುತ್ತವನ್ನು ತಂದು ನೀರಿನಲ್ಲಿ ಕರಗಿಸಿ ಕುಂಡಕ್ಕೆ ಹೊಯ್ದೆ. ಹದಿನೈದು ದಿನಗಳೊಳಗಾಗಿ ಜರೀಗಿಡ ಸುಟ್ಟಂತೆ ಕಪ್ಪಾಗಿ ಸತ್ತಿತು. ಮರುವರ್ಷದ ಮಳೆಗಾಲದಲ್ಲಿ, ಅದೇ ಗೊಬ್ಬರ ಹಾಕಿ ಸಿದ್ಧಮಾಡಿದ ಪಕ್ಕದ ಕುಂಡದಲ್ಲಿ ಅದೇ ಹಳದಿ ಕೊಡೆಗಳು ನಗುತ್ತ ನಿಂತುವು.

ನನ್ನ ತೀರ್ಪು ಎಲ್ಲೆಲ್ಲಿ ತಪ್ಪಿತೆಂಬುದನ್ನು ತಿಳಿಯಬೇಕಾದರೆ ನಾಯಿಕೊಡೆಯೆಂದರೇನು ಎಂಬಲ್ಲಿಂದಲೇ ಪ್ರಾರಂಭಿಸಬೇಕು.

ನಾವು ನಾಯಿಕೊಡೆ ಅಥವಾ ಅಣಬೆ ಎಂದು ಕರೆಯುವುದು ಒಂದು ಪೂರ್ಣ ಜೀವಿಯಲ್ಲ. ಮಾವಿನ ಮರವೆಲ್ಲ ನೆಲದೊಳಗೆ ಹುದುಗಿದ್ದು, ವರ್ಷಕ್ಕೊಮ್ಮೆ ಹಣ್ಣು ಮಾತ್ರ ನೆಲದ ಮೇಲೆ ಕಾಣಿಸಿಕೊಂಡರೆ ಹೇಗೋ ಹಾಗೆ ಇದು. ನಿಜವಾದ ಜೀವಿ ಮಣ್ಣಿನೊಳಗಿದೆ. ಅದು ಜೇಡನ ನೂಲಿಗಿಂತಲೂ ಸಪೂರವಾದ ತಂತುಗಳ ಒಂದು ಬಲೆ. ಈ ತಂತುಗಳು ತುದಿಯಲ್ಲಿ ಬೆಳೆಯುತ್ತ, ಕವಲೊಡೆಯುತ್ತ, ಒಂದನ್ನೊಂದು ಕೂಡಿಕೊಳ್ಳುತ್ತ ಕುಂಡದ ಮಣ್ಣನ್ನೆಲ್ಲ ಹೆಣೆದುಕೊಂಡಿರುತ್ತವೆ. ಗಿಡವನ್ನು ಬೇರೆ ಕುಂಡಕ್ಕೆ ಬದಲಿಸುವಾಗ ಮಣ್ಣಿನ ಹೆಂಟೆಯನ್ನು ಮುರಿದು ನೋಡಿದರೆ ಬೂಷ್ಟಿನಂತಹ ಬಿಳಿಯ ಎಳೆಗಳನ್ನೂ, ಈ ಜಾತಿಯಾದರೆ ಹಲವು ವೇಳೆ ಹಳದಿಯ ಚಿಕ್ಕ ಚಿಕ್ಕ ಗಂಟುಗಳನ್ನೂ ಕಾಣಬಹುದು. ಕೊಡೆ ಬರುವುದಕ್ಕೆ ತಿಂಗಳುಗಳ ಮೊದಲಿನಿಂದಲೂ ಇವು ಅಲ್ಲಿಯೇ ಇದ್ದುವು. ನಾವು ಕಂಡಿರಲಿಲ್ಲ, ಅಷ್ಟೆ.

ಅಷ್ಟು ದಿನ ಅವು ಏನು ತಿಂದು ಬದುಕಿದುವು? ಹಸಿರು ಗಿಡದಲ್ಲಿ ಪತ್ರಹರಿತ್ತು ಇದೆ. ಬಿಸಿಲು, ನೀರು, ಗಾಳಿಗಳಿಂದ ಅದು ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಅಣಬೆಗೆ ಆ ಶಕ್ತಿಯಿಲ್ಲ. ಪ್ರಾಣಿಯಂತೆ ಅದು ಸಿದ್ಧವಾದ ಆಹಾರವನ್ನೇ ಹುಡುಕಬೇಕು. ಆದರೆ ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ತನ್ನ ತಂತುಗಳ ಮೂಲಕ ಕಿಣ್ವಗಳನ್ನು ಹೊರಕ್ಕೆ ಸುರಿಸಿ, ಆಹಾರವನ್ನು ಮೈಯ ಹೊರಗೇ ಜೀರ್ಣಿಸಿ, ಆಮೇಲೆ ಆ ರಸವನ್ನು ಹೀರಿಕೊಳ್ಳುತ್ತದೆ. ನಾವು ಅನ್ನದ ರಾಶಿಯ ನಡುವೆ ಮಲಗಿ, ಅದನ್ನು ಮೈಯಿಂದಲೇ ಕರಗಿಸಿ ಕುಡಿದರೆ ಹೇಗಿರುತ್ತದೆಯೆಂದು ಊಹಿಸಿಕೊಳ್ಳಿ! ಅಣಬೆಯ ಜೀವಕೋಶದ ಗೋಡೆಯೂ ಗಿಡದ್ದರಂತೆ ಸೆಲ್ಯುಲೋಸಿನದಲ್ಲ. ಅದರ ಮುಖ್ಯ ಸಾಮಗ್ರಿಗಳಲ್ಲೊಂದು ಕೈಟಿನ್. ಜೀರುಂಡೆಯ ಬೆನ್ನಿನ ಚಿಪ್ಪಿನಲ್ಲಿರುವುದೂ ಇದೇ ಕೈಟಿನ್. ಇಂತಹ ಕಾರಣಗಳಿಂದಲೇ 1969ರಲ್ಲಿ ಅಮೆರಿಕದ ರಾಬರ್ಟ್ ವಿಟ್ಟೇಕರನು ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಸಸ್ಯಗಳಿಂದ ಬೇರೆಯಾದ ಸ್ವಂತ ಸಾಮ್ರಾಜ್ಯವನ್ನೇ ಕೊಟ್ಟನು.

ಶಿಲೀಂಧ್ರಗಳಲ್ಲಿ ಬದುಕಿರುವ ಗಿಡವನ್ನು ಹಿಡಿದು ತಿನ್ನುವುವೂ ಉಂಟು. ನಮ್ಮ ಹಳದಿ ಕೊಡೆ ಆ ಗುಂಪಿನದಲ್ಲ. ಅದು ಕೊಳೆತಿನಿ. ತರಗೆಲೆ, ಕಟ್ಟಿಗೆಯ ಚೂರು, ಅರೆಕೊಳೆತ ಸಗಣಿ, ಈಗ ಗಿಡ ಮಾರುವವರೆಲ್ಲರೂ ಬಳಸುವ ತೆಂಗಿನ ನಾರಿನ ಪುಡಿ, ಸತ್ತ ಬೇರು ಇವೇ ಅದರ ಆಹಾರ. ಬದುಕಿರುವ ಬೇರಿನ ತಂಟೆಗೆ ಅದು ಹೋಗುವುದಿಲ್ಲ. ಅದು ಸತ್ತುದನ್ನು ಅರೆದು ತಿನ್ನುವಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಸಾರಜನಕ, ರಂಜಕ ಮುಂತಾದುವು ಬಿಡುಗಡೆಯಾಗಿ ಕ್ರಮೇಣ ಗಿಡದ ಬೇರಿಗೂ ದೊರೆಯುತ್ತವೆ. ನಾವು ಹಾಕಿದ ಗೊಬ್ಬರವು ಗಿಡಕ್ಕೆ ಗೊಬ್ಬರವಾಗುವುದು ಇಂತಹ ಕೊಳೆತಿನಿಗಳ ಮತ್ತು ಬ್ಯಾಕ್ಟೀರಿಯಗಳ ಕೈಹಾಯ್ದ ಮೇಲೆಯೇ.

ಇರುಳು ಬೆಳಗಾಗುವುದರೊಳಗೆ ಕೊಡೆ ಏಳುವುದು ಹೇಗೆ? ‘ನಾಯಿಕೊಡೆಗಳಂತೆ ತಲೆಯೆತ್ತಿದುವು’ ಎಂದು ನಾವು ಮಾತಿಗೆ ಹೇಳುವುದುಂಟು. ಆದರೆ ಒಂದು ರಾತ್ರಿಯಲ್ಲಿ ಅಷ್ಟು ಜೀವಕೋಶಗಳು ಹೊಸದಾಗಿ ಹುಟ್ಟುವುದಿಲ್ಲ. ತಂತುಗಳು ಒತ್ತಾಗಿ ಹೆಣೆದುಕೊಂಡು ಮೊದಲು ಒಂದು ಪುಟ್ಟ ಮೊಗ್ಗು ಆಗುತ್ತದೆ. ಕಾಂಡ, ಟೋಪಿ, ಟೋಪಿಯಡಿಯ ಹಾಳೆಗಳು ಇವೆಲ್ಲವೂ ಆ ಮೊಗ್ಗಿನಲ್ಲಿಯೇ ಮಡಿಸಿಟ್ಟಂತೆ ಸಿದ್ಧವಾಗಿರುತ್ತವೆ. ಮಣ್ಣು ಚೆನ್ನಾಗಿ ನೆನೆದು, ಗಾಳಿಯಲ್ಲಿ ತೇವ ತುಂಬಿ, ಹವೆ ಬೆಚ್ಚಗಿರುವ ದಿನ ಆ ಕೋಶಗಳು ನೀರನ್ನು ಹೀರಿ ಉಬ್ಬುತ್ತವೆ. ಗಾಳಿ ತುಂಬಿದ ಬೆಲೂನಿನಂತೆ, ಇಲ್ಲಿ ನೀರು ತುಂಬಿ, ಕೊಡೆ ಬಿಚ್ಚಿಕೊಳ್ಳುತ್ತದೆ. ಎರಡಂಗುಲದಿಂದ ನಾಲ್ಕಂಗುಲ ಎತ್ತರ, ಒಂದೆರಡು ಅಂಗುಲ ಅಗಲದ ಟೋಪಿ, ಅದರ ಮೇಲೆ ಹಿಟ್ಟು ಚೆಲ್ಲಿದಂತೆ ಸಣ್ಣ ಹೊಪ್ಪಳೆಗಳು, ಕಾಂಡಕ್ಕೆ ತೆಳುವಾದ ಒಂದು ಉಂಗುರ. ಈ ವೈಭವವೆಲ್ಲ ಒಂದೆರಡು ದಿನದ್ದು. ಆಮೇಲೆ ನೀರಿಳಿದು ಕುಸಿಯುತ್ತದೆ.

ಇದರ ಹೆಸರಿನ ಚರಿತ್ರೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಉಷ್ಣದೇಶಗಳ ಈ ಅಣಬೆಯನ್ನು ವಿಜ್ಞಾನವು ಮೊದಲು ಗುರುತಿಸಿದ್ದು ಚಳಿಯ ದೇಶದಲ್ಲಿ, ಅದೂ ಮನೆಯೊಳಗೆ! ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ಪಟ್ಟಣವಿದೆ. ಅಲ್ಲಿ ಜೇಮ್ಸ್ ಬೋಲ್ಟನ್ ಎಂಬವನು ಯಾವ ಗುರುವೂ ಇಲ್ಲದೆ ತಾನೇ ಕಲಿತು ನಿಸರ್ಗಶಾಸ್ತ್ರಜ್ಞನೂ ಚಿತ್ರಕಾರನೂ ಆದನು. ತನ್ನೂರಿನ ಸುತ್ತಮುತ್ತಲಿನ ಶಿಲೀಂಧ್ರಗಳನ್ನೆಲ್ಲ ಬರೆದು ಬಣ್ಣ ಹಾಕಿ, 1788ರಿಂದ 1791ರವರೆಗೆ ಸಂಪುಟಗಳಾಗಿ ಪ್ರಕಟಿಸಿದನು. ಬಿಸಿಮನೆಯೊಂದರಲ್ಲಿ ಎದ್ದ ಹಳದಿ ಅಣಬೆಯ ಚಿತ್ರವೂ ಅದರಲ್ಲಿದೆ. ಬಿಸಿಮನೆ ಎಂದರೆ ನಮ್ಮ ಲಾಲ್‌ಬಾಗಿನ ಗಾಜಿನ ಮನೆಯಂತಹುದಲ್ಲ. ಅನಾನಸಿನಂತಹ ಉಷ್ಣದೇಶದ ಗಿಡಗಳನ್ನು ಚಳಿಯಲ್ಲಿ ಸಾಕಲು ಆ ಕಾಲದ ಶ್ರೀಮಂತರು ಕಟ್ಟಿಸುತ್ತಿದ್ದ ಕಾವಿನ ಕೋಣೆ. ಚರ್ಮ ಹದಮಾಡಿ ಮಿಕ್ಕ ಓಕ್ ಮರದ ತೊಗಟೆಯ ಪುಡಿಯನ್ನು ತೊಟ್ಟಿಗಳಲ್ಲಿ ತುಂಬಿ, ಅದು ಕೊಳೆಯುವಾಗ ಹುಟ್ಟುವ ಶಾಖದಲ್ಲಿ ಅನಾನಸಿನ ಕುಂಡಗಳನ್ನು ಹೂತಿಡುತ್ತಿದ್ದರು. ತೇವ, ಕಾವು, ಕೊಳೆಯುವ ತೊಗಟೆ: ಇದಕ್ಕಿಂತ ಸೊಗಸಾದ ಔತಣ ಅಣಬೆಗೆ ಬೇಕೆ? ಅನಾನಸಿಗಾಗಿ ಮಾಡಿದ ಏರ್ಪಾಡಿನಲ್ಲಿ ಕರೆಯದ ಅತಿಥಿಗಳೂ ಸುಖವಾಗಿ ಬೆಳೆಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಬೋಲ್ಟನ್ ಅದನ್ನು ‘ಹಳದಿ ಅಗಾರಿಕಸ್’ ಎಂಬರ್ಥದ ಲ್ಯಾಟಿನ್ ಹೆಸರಿನಿಂದ ಕರೆದನು. ದುರದೃಷ್ಟಕ್ಕೆ ಆ ಹೆಸರನ್ನು ಅವನಿಗಿಂತ ಮೊದಲೇ ವಿಲಿಯಂ ಹಡ್ಸನ್ ಇನ್ನೊಂದು ಅಣಬೆಗೆ ಇಟ್ಟಿದ್ದನು. ಹೆಸರಿಡುವ ನಿಯಮದಂತೆ ಬೋಲ್ಟನ್ನನ ಹೆಸರು ಬಿದ್ದುಹೋಯಿತು. 1839ರಲ್ಲಿ ಪ್ರಾಗ್ ನಗರದ ಬಿಸಿಮನೆಯೊಂದರಲ್ಲಿ ತೋಟದ ಮೇಲ್ವಿಚಾರಕ ಬಿರ್ನ್‌ಬೌಮ್ ಎಂಬವನಿಗೆ ಸಿಕ್ಕ ಅಣಬೆಯನ್ನು ಆಗಸ್ಟ್ ಕೋರ್ಡ ಎಂಬ ಶಿಲೀಂಧ್ರಶಾಸ್ತ್ರಜ್ಞನು ವರ್ಣಿಸಿ, ಕಂಡುಕೊಟ್ಟವನ ಹೆಸರನ್ನೇ ಅದಕ್ಕೆ ಇಟ್ಟನು. ಜರ್ಮನ್ ಭಾಷೆಯಲ್ಲಿ ಬಿರ್ನ್‌ಬೌಮ್ ಎಂದರೆ ಪೇರ್ ಹಣ್ಣಿನ ಮರ. ನಮ್ಮ ಕಡೆ ಬೇರಿಕಾಯಿ ಎನ್ನುತ್ತಾರಲ್ಲ, ಅದರ ಮರ. ಹೀಗೆ ಅಣಬೆಯೊಂದು ಮರದ ಹೆಸರನ್ನು ಹೊತ್ತಿತು. ಪಾಪ, ಕೋರ್ಡನು ಅಮೆರಿಕದ ಟೆಕ್ಸಾಸಿಗೆ ಹೋಗಿ ಹಿಂದಿರುಗುವಾಗ 1849ರಲ್ಲಿ ಹಡಗಿನೊಡನೆ ಸಮುದ್ರದ ಪಾಲಾದನು. 1962ರಲ್ಲಿ ರಾಲ್ಫ್ ಸಿಂಗರ್ ಎಂಬವನು ಈ ಅಣಬೆಯನ್ನು ಇಂದಿನ ಕುಲಕ್ಕೆ ಸೇರಿಸಿದಂದಿನಿಂದ ಇದು ಲ್ಯೂಕೊಕೊಪ್ರಿನಸ್ ಬಿರ್ನ್‌ಬೌಮೀ. ನಮ್ಮ ನೆರೆಯ ಕೇರಳದಲ್ಲಿ ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ಇಂಗ್ಲೆಂಡಿನಂತಹ ದೇಶಗಳಲ್ಲಿ ಮಾತ್ರ ಇದು ಬೆಚ್ಚನೆಯ ಮನೆಯನ್ನು ಬಿಟ್ಟು ಹೊರಗೆ ಕಾಲಿಡುವುದಿಲ್ಲ. ಇದರ ಹತ್ತಿರದ ಬಳಗದ ಅಣಬೆಗಳನ್ನು ದಕ್ಷಿಣ ಅಮೆರಿಕದ ಎಲೆಕತ್ತರಿಸುವ ಇರುವೆಗಳು ತಮ್ಮ ಗೂಡಿನಲ್ಲಿ ಎಲೆಯ ಚೂರುಗಳನ್ನು ಉಣಿಸಿ ಬೇಸಾಯ ಮಾಡುತ್ತವೆ ಎಂಬುದು ಇನ್ನೊಂದು ದೊಡ್ಡ ಕಥೆ.

ಕುಂಡದಿಂದ ಕುಂಡಕ್ಕೆ, ದೇಶದಿಂದ ದೇಶಕ್ಕೆ ಇದು ಹೋಗುವುದು ಎರಡು ಮಾರ್ಗಗಳಲ್ಲಿ. ಮಣ್ಣು ಗೊಬ್ಬರಗಳೊಡನೆ ತಂತುಗಳೇ ಸಾಗುವುದು ಒಂದು. ಬೀಜಾಣುಗಳು ಹಾರುವುದು ಇನ್ನೊಂದು. ಟೋಪಿಯನ್ನು ಮಗುಚಿ ನೋಡಿ: ಪುಸ್ತಕದ ಹಾಳೆಗಳಂತೆ ತೆಳುಪದರಗಳು ಕಾಂಡದ ಸುತ್ತ ನಿಂತಿವೆ. ಬೀಜಾಣುಗಳು ಹುಟ್ಟುವುದು ಈ ಪದರಗಳ ಮೈಮೇಲೆ. ಅವು ಎಷ್ಟು ಸಣ್ಣವೆಂದರೆ, ನೂರನ್ನು ಸಾಲಾಗಿ ಇಟ್ಟರೆ ಸುಮಾರು ಒಂದು ಮಿಲಿಮೀಟರ್ ಆಗಬಹುದು. ಕೆನಡದ ವಿನ್ನಿಪೆಗ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಬುಲ್ಲರ್ ಎಂಬ ವಿಜ್ಞಾನಿ ಇವುಗಳ ಲೆಕ್ಕಕ್ಕೇ ಕುಳಿತನು. ಎಂಟು ಸೆಂಟಿಮೀಟರ್ ಅಗಲದ ಒಂದು ಹುಲ್ಲುಗಾವಲಿನ ಅಣಬೆ ಸುಮಾರು 180 ಕೋಟಿ ಬೀಜಾಣುಗಳನ್ನು ಉದುರಿಸುತ್ತದೆಂದು ಅವನು ಕಂಡುಕೊಂಡನು.

ಉದುರಿಸುವುದೂ ಸುಮ್ಮನೆ ಅಲ್ಲ. ಎರಡು ಪದರಗಳ ನಡುವಣ ಓಣಿ ಬಹಳ ಇಕ್ಕಟ್ಟು. ಬೀಜಾಣು ಕಡಿಮೆ ಚಿಮ್ಮಿದರೆ ತನ್ನ ಪದರಕ್ಕೇ ಅಂಟಿಕೊಳ್ಳುತ್ತದೆ, ಹೆಚ್ಚು ಚಿಮ್ಮಿದರೆ ಎದುರಿನದಕ್ಕೆ ಬಡಿಯುತ್ತದೆ. ಇದಕ್ಕೆ ಅಣಬೆ ಹೂಡಿರುವ ಉಪಾಯ ಒಂದು ಹನಿ ನೀರು. ಬೀಜಾಣುವಿನ ಬುಡದಲ್ಲಿ ಗಾಳಿಯ ತೇವವು ಸಾಂದ್ರವಾಗಿ ಒಂದು ಹನಿಯಾಗುತ್ತದೆ; ಅದರ ಪಕ್ಕದ ಮೈಮೇಲೆ ನೀರಿನ ಒಂದು ಪೊರೆ. ಹನಿ ಬೆಳೆಬೆಳೆದು ಪೊರೆಯನ್ನು ಮುಟ್ಟಿದ ಕ್ಷಣದಲ್ಲಿಯೇ ಎರಡೂ ಒಂದಾಗಿ ಎಳೆದುಕೊಳ್ಳುತ್ತವೆ. ಆ ಎಳೆತದ ಹುರುಪಿನಲ್ಲಿ ಬೀಜಾಣು ಕಿತ್ತು ಚಿಮ್ಮುತ್ತದೆ. ಹೋಗುವುದು ಮಿಲಿಮೀಟರಿನ ಒಂದು ಸಣ್ಣ ಭಾಗದಷ್ಟು ದೂರ, ಓಣಿಯ ನಡುವಿಗೆ ಸರಿಯಾಗಿ. ಅಲ್ಲಿಂದ ನೇರವಾಗಿ ಕೆಳಕ್ಕೆ. ಎರಡು ಮಳೆಹನಿಗಳು ಕಿಟಕಿಯ ಗಾಜಿನ ಮೇಲೆ ಒಂದಾಗುವಾಗ ತಟಕ್ಕನೆ ಎಳೆದುಕೊಳ್ಳುವುದನ್ನು ನೀವು ನೋಡಿರುವಿರಿ. ಇಲ್ಲಿ ಕೆಲಸ ಮಾಡುವುದೂ ಅದೇ ಬಲ.

ಟೋಪಿಯಿಂದ ಕೆಳಗೆ ಬಿದ್ದುದಾಯಿತು. ಕಾಡಿನಲ್ಲಾದರೆ ಮುಂದಿನದನ್ನು ಗಾಳಿ ನೋಡಿಕೊಳ್ಳುತ್ತದೆ. ಮುಚ್ಚಿದ ಕಿಟಕಿಯ ಕೋಣೆಯಲ್ಲಿ? ಇದನ್ನು ಕುರಿತು 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆ ಬಹು ಸ್ವಾರಸ್ಯವಾದುದು. ಅಣಬೆಯ ಮೈಯಿಂದ ನೀರು ಸದಾ ಆವಿಯಾಗುತ್ತಿರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕಾರಣದಿಂದಲೇ ಅಣಬೆಯ ಸುತ್ತಲಿನ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಪಕ್ಕಕ್ಕೆ ಹರಿಯುತ್ತದೆ; ಇದರಿಂದ ಹುಟ್ಟುವ ಸಣ್ಣ ಸುಳಿಗಳು ಬೀಜಾಣುಗಳನ್ನು ಟೋಪಿಯ ಅಡಿಯಿಂದ ಹೊರಕ್ಕೆ ಒಯ್ಯುತ್ತವೆ. ಗಾಳಿಯಿಲ್ಲದ ಕಡೆ ಅಣಬೆ ತನ್ನ ಗಾಳಿಯನ್ನು ತಾನೇ ಬೀಸಿಕೊಳ್ಳುತ್ತದೆ!

ಇನ್ನು ನನ್ನ ಮೈಲುತುತ್ತದ ಸಂಗತಿ. 1908ರಲ್ಲಿ ಮೈಸೂರಿಗೆ ಬಂದ ಕೆನಡದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದನ್ನು ಮಲೆನಾಡಿನವರಿಗೆ ಕಲಿಸಿದನು. ಆದರೆ ಬೋರ್ಡೋ ದ್ರಾವಣವೆಂದರೆ ಬರಿಯ ಮೈಲುತುತ್ತವಲ್ಲ. ಅದಕ್ಕೆ ಸುಣ್ಣದ ತಿಳಿ ಸೇರಬೇಕು. ಸುಣ್ಣವು ಮೈಲುತುತ್ತದ ಆಮ್ಲಗುಣವನ್ನು ಮುರಿದು, ತಾಮ್ರವನ್ನು ನೀರಿನಲ್ಲಿ ಸುಲಭವಾಗಿ ಕರಗದ ರೂಪಕ್ಕೆ ತರುತ್ತದೆ. ಆಗ ಅದು ಕಾಯಿಯ ಮೇಲೆ ಒಂದು ತೆಳು ಲೇಪವಾಗಿ ಕುಳಿತು, ಅಲ್ಲಿ ಮೊಳೆಯಲು ಬಂದ ರೋಗಾಣುವನ್ನು ಮಾತ್ರ ಕೊಲ್ಲುತ್ತದೆ. ಸುಣ್ಣವಿಲ್ಲದ ಮೈಲುತುತ್ತದ ನೀರನ್ನು ಬೇರಿಗೆ ಹೊಯ್ದರೆ ಕರಗಿದ ತಾಮ್ರ ನೇರವಾಗಿ ಬೇರನ್ನೇ ಸುಡುತ್ತದೆ. ಅರ್ಧ ಕಲಿತ ವಿದ್ಯೆಯಿಂದ ಅಕ್ಕನ ಗಿಡವನ್ನು ಕೊಂದವನು ನಾನು. ಅದರ ಮೇಲೆ, ಕೊಳೆರೋಗದ ಜೀವಿ ನಾಯಿಕೊಡೆಗೆ ನೆಂಟನೂ ಅಲ್ಲ. ಶಿಲೀಂಧ್ರದಂತೆ ತಂತು ಬಿಡುವುದಾದರೂ ಅದರ ಕೋಶದ ಗೋಡೆಯ ಮುಖ್ಯ ಸಾಮಗ್ರಿಗಳಲ್ಲೊಂದು ಸೆಲ್ಯುಲೋಸ್. ಸಮುದ್ರದ ಕಂದು ಪಾಚಿಗಳಿಗೆ ಅದು ಹತ್ತಿರದ್ದೆಂದು ಇಂದು ತಿಳಿದಿದೆ.

ಹಾಗಾದರೆ ಆ ಮೊದಲಿನ ಎರಡು ಮೂರು ಗರಿಗಳು ಬಣ್ಣಗೆಟ್ಟುದೇಕೆ? ಅದಕ್ಕೂ ಹೊಣೆ ನಾನೇ. ಮಳೆಗಾಲವೆನ್ನದೆ ದಿನವೂ ನೀರು ಹಾಕುತ್ತಿದ್ದೆ. ಬೇರೂ ಉಸಿರಾಡಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯ ಬದಲು ನೀರೇ ನಿಂತರೆ ಬೇರು ಉಸಿರುಕಟ್ಟಿ ಸಾಯಲಾರಂಭಿಸುತ್ತದೆ. ಅಂತಹ ಕೆಸರಿನಲ್ಲಿ ಪಿಥಿಯಂ ಎಂಬ ಬೇರುಕೊಳೆಯ ಜೀವಿ ಸೇರಿಕೊಳ್ಳುತ್ತದೆ. ಇದು ಕೊಳೆರೋಗದ ಜೀವಿಯ ದಾಯಾದಿ. ಇದು ಕೊಡೆ ಬಿಡುವುದೇ ಇಲ್ಲ. ಆದುದರಿಂದ ನಮ್ಮ ಕಣ್ಣಿಗೂ ಬೀಳುವುದಿಲ್ಲ, ಬೈಗಳನ್ನೂ ತಿನ್ನುವುದಿಲ್ಲ. ಹೆಚ್ಚಾದ ನೀರಿನಲ್ಲಿ ಒಂದು ಕಡೆ ಗಿಡ ಸೊರಗುತ್ತದೆ, ಇನ್ನೊಂದು ಕಡೆ ಅಣಬೆ ಏಳುತ್ತದೆ. ಎರಡಕ್ಕೂ ಕಾರಣ ಒಂದೇ ಆಗಿರುವಾಗ, ಒಂದನ್ನು ಇನ್ನೊಂದರ ಕಾರಣವೆಂದು ತಿಳಿದುದೇ ನನ್ನ ಮೊದಲ ತಪ್ಪು.

ಹಳದಿ ಕೊಡೆ ಗಿಡಕ್ಕೆ ನಿರಪಾಯಕಾರಿ. ಮನುಷ್ಯನ ಹೊಟ್ಟೆಗೆ ಹಾಗಲ್ಲ. ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಆಗುವುದೆಂದು ಇದನ್ನು ವಿಷದ ಅಣಬೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅದರ ಆಕರ್ಷಕವಾದ ಬಣ್ಣಕ್ಕೆ ಕಾರಣವಾದ ಎರಡು ವಸ್ತುಗಳನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರು ಬೇರ್ಪಡಿಸಿ 2005ರಲ್ಲಿ ಪ್ರಕಟಿಸಿದರು. ಬಿರ್ನ್‌ಬೌಮಿನ್ ಎ ಮತ್ತು ಬಿ ಎಂದು ಅವುಗಳ ಹೆಸರು. ಅವು ಇಂಡೋಲ್ ಎಂಬ ಮನೆತನಕ್ಕೆ ಸೇರಿದುವು. ಬಟ್ಟೆಗೆ ಹಾಕುವ ನೀಲಿಯೂ ಅದೇ ಮನೆತನದ್ದು. ಇಂಡೋಲ್ ಎಂಬ ಹೆಸರು ಹುಟ್ಟಿದ್ದೇ ನೀಲಿಯ ಇಂಡಿಗೊ ಎಂಬ ಹೆಸರಿನಿಂದ.

ಈ ಬಣ್ಣವೇ ಅಪಾಯದ ಮೂಲ. ಅಂಬೆಗಾಲಿಡುವ ಮಗುವಿಗೆ ಕುಂಡ ಸರಿಯಾಗಿ ಕೈಗೆಟುಕುವ ಎತ್ತರದಲ್ಲಿರುತ್ತದೆ. ಅದಕ್ಕೆ ಹಳದಿಯ ಗುಂಡಿ ಮಿಠಾಯಿಯಾಗಿ ಕಂಡರೆ ತಪ್ಪೇನು? ಮನೆಯಲ್ಲಿ ಚಿಕ್ಕ ಮಕ್ಕಳೋ ನಾಯಿಬೆಕ್ಕುಗಳೋ ಇದ್ದರೆ ಕೊಡೆ ಕಂಡ ಕೂಡಲೆ ಕಿತ್ತು ಎಸೆಯಬೇಕು. ಮಗು ತಿಂದೇಬಿಟ್ಟಿದ್ದರೆ, ಏನಾಗುವುದೋ ನೋಡೋಣವೆಂದು ಕಾಯದೆ, ಉಳಿದ ತುಂಡನ್ನೂ ಒಂದು ಕಾಗದದಲ್ಲಿ ಸುತ್ತಿಕೊಂಡು ವೈದ್ಯರಲ್ಲಿಗೆ ಓಡಬೇಕು. ಯಾವ ಅಣಬೆಯೆಂದು ತಿಳಿದರೆ ಅವರ ಕೆಲಸ ಸುಲಭವಾಗುತ್ತದೆ. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ತಿನ್ನಬಹುದು, ಹುಳು ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಪರೀಕ್ಷೆಗಳನ್ನು ನಂಬಿ ಕೆಟ್ಟವರಿದ್ದಾರೆ. ಯೂರೋಪಿನ ಘೋರವಿಷದ ‘ಸಾವಿನ ಟೋಪಿ’ಯನ್ನೂ ಹುಳುಗಳು ತಿನ್ನುತ್ತವೆ; ಮನುಷ್ಯನು ತಿಂದರೆ ಆರು ಗಂಟೆಗಿಂತಲೂ ಹೆಚ್ಚು ಕಾಲ ಏನೂ ತಿಳಿಯದೆ, ಆಮೇಲೆ ಯಕೃತ್ತು ಕೆಡುತ್ತದೆ.

ಕೊಡೆಯನ್ನು ಕಿತ್ತರೆ ಒಳಗಿನ ಬಲೆ ಸಾಯುವುದಿಲ್ಲ. ಸಾಯಬೇಕಾದ ಅಗತ್ಯವೂ ಇಲ್ಲ. ಎರಡು ನೀರುಹಾಕುವಿಕೆಗಳ ನಡುವೆ ಮೇಲ್ಮಣ್ಣು ಒಣಗಲು ಬಿಟ್ಟರೆ ಕೊಡೆಗಳು ಕಡಿಮೆಯಾಗುತ್ತವೆ. ಒದ್ದೆ ಗೊಬ್ಬರದಲ್ಲಿ ಹುಟ್ಟಿ ಮುಖದ ಸುತ್ತ ಹಾರಾಡುವ ಕಪ್ಪು ನುಸಿಗಳ ಕಾಟವೂ ತಗ್ಗುತ್ತದೆ.

ವಿದ್ಯಾರ್ಥಿಗಳು ಎಸೆಯುವ ಮೊದಲು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಚೆನ್ನಾಗಿ ಅರಳಿದ ಒಂದು ಟೋಪಿಯನ್ನು ಕಾಂಡದಿಂದ ಕತ್ತರಿಸಿ, ಪದರಗಳು ಕೆಳಗಾಗುವಂತೆ ಕಾಗದದ ಮೇಲಿಟ್ಟು, ಗಾಜಿನ ಲೋಟವನ್ನು ಕವುಚಿ ರಾತ್ರಿಯೆಲ್ಲ ಬಿಡಿ. ಕಾಗದದ ಅರ್ಧ ಬಿಳಿಯದಾಗಿಯೂ ಅರ್ಧ ಕಪ್ಪಾಗಿಯೂ ಇರಲಿ. ಕೈ ತೊಳೆಯುವುದನ್ನು ಮರೆಯಬೇಡಿ. ಬೆಳಗ್ಗೆ ಟೋಪಿಯನ್ನು ಎತ್ತಿದರೆ ಉದುರಿದ ಬೀಜಾಣುಗಳು ಪದರಗಳ ಪಡಿಯಚ್ಚನ್ನು ಬರೆದಿರುತ್ತವೆ. ಅಣಬೆಯನ್ನು ಗುರುತಿಸುವವರಿಗೆ ಈ ಅಚ್ಚಿನ ಬಣ್ಣ ಬಹಳ ಮುಖ್ಯ. ಮಳೆಯ ಮೇಲೆ ಹುಲ್ಲುಹಾಸಿನಲ್ಲಿ ಏಳುವ ದೊಡ್ಡ ಬಿಳಿಯ ಅಣಬೆಯೊಂದುಂಟು, ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ಎಂದು. ತಿನ್ನುವ ಅಣಬೆಯೆಂದು ಭ್ರಮಿಸಿ ತಿಂದವರಿಗೆ ತೀವ್ರವಾಗಿ ವಾಂತಿಭೇದಿಯಾಗುತ್ತದೆ. ಅದರ ಅಚ್ಚು ಹಸಿರು. ನಮ್ಮ ಹಳದಿ ಕೊಡೆಯ ಅಚ್ಚು ಬಿಳಿ. ಆದುದರಿಂದಲೇ ಹಳದಿಯ ಈ ಅಣಬೆಯ ಕುಲದ ಹೆಸರಿನಲ್ಲಿ ಗ್ರೀಕ್ ಭಾಷೆಯ ‘ಲ್ಯೂಕೊ’, ಎಂದರೆ ಬಿಳಿ, ಸೇರಿಕೊಂಡಿದೆ. ಉಳಿದ ಅರ್ಧದ ಮೂಲ ‘ಕೊಪ್ರೊಸ್’, ಸಗಣಿ.

ಅಕ್ಕ ಇನ್ನೊಂದು ಜರೀಗಿಡವನ್ನು ತಂದುಕೊಟ್ಟು ಮೂರು ವರ್ಷಗಳಾದುವು. ಈ ಸಲದ ಆಷಾಢದಲ್ಲಿ ಅದರ ಬುಡದಲ್ಲಿ ನಾಲ್ಕು ಕೊಡೆಗಳು ಎದ್ದಿದ್ದುವು. ಎರಡನ್ನು ಅಚ್ಚು ತೆಗೆಯಲು ಕತ್ತರಿಸಿಕೊಂಡೆ. ಮಿಕ್ಕ ಎರಡು ಮರುದಿನದ ಹೊತ್ತಿಗೆ ತಾವೇ ಬಾಗಿ ಮಣ್ಣಿಗೊರಗಿದ್ದುವು. ಜರೀಗಿಡ ಹೊಸ ಸುರುಳಿಗಳನ್ನು ಬಿಚ್ಚುತ್ತಿತ್ತು.